ನಡುವಿನ ಸ್ಪೀಕರ್ ಯಾರಿಗಾಗಿ?

ಹೋಂ ಥಿಯೇಟರ್ ಕೊಳ್ಳಲು ಹೊರಟವರ ಬಜೆಟ್ ಬಿಗಿಯಾದರೆ ಮೊದಲು ಕತ್ತರಿ ಬೀಳುವುದು ನಡುವಿನ ಸ್ಪೀಕರಿಗೆ. ಎಡಕ್ಕೊಂದು ಬಲಕ್ಕೊಂದು ಎತ್ತರದ ಸ್ಪೀಕರ್ ನಿಂತರೆ ಹಾಲಿಗೆ ಕಳೆ ಬರುತ್ತದೆ. ಸಬ್‌ವೂಫರ್ ಗುಡುಗಿದರೆ ಹೊಸ ಸೆಟ್ಟು ಬಂದ ಸುದ್ದಿ ಪಕ್ಕದ ಮನೆಗೂ ಮುಟ್ಟುತ್ತದೆ. ಹಿಂದಿನ ಗೋಡೆಯಲ್ಲಿ ನೇತುಹಾಕಿದ ಪುಟಾಣಿಗಳನ್ನು ಬಂದುಹೋಗುವವರಿಗೆ ತೋರಿಸಿ ಖುಷಿಪಡಬಹುದು. ಟಿ.ವಿ. ಕೆಳಗೆ ಅಡ್ಡಡ್ಡ ಮಲಗಿರುವ, ಗುಡುಗದ, ಮಿಂಚದ, ನೋಡುವುದಕ್ಕೂ ಅಂಥ ಚೆಂದವಿಲ್ಲದ ಆ ಕಪ್ಪು ಪೆಟ್ಟಿಗೆಯಿಂದ ಆಗಬೇಕಾದ್ದೇನು? ಎಡ ಬಲ ಎರಡೂ ಇದ್ದ ಮೇಲೆ ನಡುವೆ ತಾನಾಗಿಯೇ ಕೇಳಿಸುವುದಿಲ್ಲವೇ?

ಕೇಳಿಸುತ್ತದೆ. ಈ ಚರ್ಚೆ ಮುಗಿಯದಿರುವುದೇ ಅದಕ್ಕೆ. ಒಳ್ಳೆಯ ಎರಡು ಸ್ಪೀಕರ್‌ಗಳನ್ನು ಸರಿಯಾಗಿ ಇಟ್ಟು, ಚೆನ್ನಾಗಿ ಧ್ವನಿಮುದ್ರಿಸಿದ ಒಂದು ಕಛೇರಿ ಹಾಕಿ ನಟ್ಟನಡುವೆ ಕೂತು ಕೇಳಿ. ಪಿಟೀಲು ಒಂದು ಕಡೆ, ಮೃದಂಗ ಇನ್ನೊಂದು ಕಡೆ, ಗಾಯಕರು ಮಾತ್ರ ಏನೂ ಇಲ್ಲದ ಖಾಲಿ ಜಾಗದಲ್ಲಿ, ಟಿ.ವಿ.ಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತು ಹಾಡಿದಂತೆ ಕೇಳಿಸುತ್ತದೆ. ಸ್ಟೀರಿಯೊ ನಿಂತಿರುವುದೇ ಈ ಭ್ರಮೆಯ ಮೇಲೆ. ಆದ್ದರಿಂದ ‘ಸೆಂಟರ್ ಬೇಡವೇ ಬೇಡ’ ಎನ್ನುವವರು ಕಿವಿ ಇಲ್ಲದವರೇನಲ್ಲ. ಅವರಲ್ಲಿ ಅನೇಕರು ಬಹಳ ಒಳ್ಳೆಯ ಕಿವಿಯವರು, ಆದರೆ ಒಬ್ಬೊಬ್ಬರೇ ಕೂತು ಕೇಳುವವರು. ನನ್ನ ಮಟ್ಟಿಗೆ ಇಡೀ ಪ್ರಶ್ನೆ ಅಲ್ಲಿಗೇ ಬಂದು ನಿಲ್ಲುತ್ತದೆ. ಒಬ್ಬರೇ ಸಿನಿಮಾ ನೋಡುವ ಮನೆಗೆ ನಡುವಿನ ಸ್ಪೀಕರ್ ಬೇಕಿಲ್ಲ, ನಾಲ್ಕು ಜನ ಕೂಡಿ ನೋಡುವ ಮನೆಗೆ ಬೇಕು. ನಡುವೆ ಇರುವ ಆ ಪೆಟ್ಟಿಗೆಯ ಪ್ರಯೋಜನ ಬದಿಗೆ ಕೂತವರಿಗೆ.

ಯಾಕೆಂದು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದೇ ದನಿ ಎರಡೂ ಸ್ಪೀಕರಿನಿಂದ ಒಂದೇ ಮಟ್ಟದಲ್ಲಿ, ಒಂದೇ ಗಳಿಗೆಗೆ ಬಂದರೆ ಮೆದುಳು ಅದನ್ನು ಎರಡರ ಮಧ್ಯೆ ತಂದು ನಿಲ್ಲಿಸುತ್ತದೆ. ಆ ನಿಲುವು ತಕ್ಕಡಿಯ ಮುಳ್ಳಿನದು. ಒಂದು ಕಡೆ ಚೂರು ಹೆಚ್ಚಾದರೂ ವಾಲುತ್ತದೆ. ಎಡ-ಬಲ ಸ್ಪೀಕರ್‌ಗಳ ನಡುವೆ 2.4 ಮೀಟರ್ ಅಂತರ, ನೀವು ಆ ಸಾಲಿನಿಂದ 2.5 ಮೀಟರ್ ದೂರ ಎಂದಿಟ್ಟುಕೊಳ್ಳಿ. ನಡುವೆ ಕೂತಾಗ ಎರಡೂ ಸಮದೂರ. ಸೋಫಾದಲ್ಲಿ ಒಂದು ಸೀಟು, ಅಂದರೆ ಸುಮಾರು 60 ಸೆಂಟಿಮೀಟರ್ ಬಲಕ್ಕೆ ಜರುಗಿದರೆ ಬಲದ ಸ್ಪೀಕರ್ 2.57 ಮೀಟರ್ ದೂರದಲ್ಲಿರುತ್ತದೆ, ಎಡದ್ದು 3.08 ಮೀಟರ್. ವ್ಯತ್ಯಾಸ ಅರ್ಧ ಮೀಟರ್. ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವ ಶಬ್ದಕ್ಕೆ ಅಷ್ಟು ದೂರ ಕ್ರಮಿಸಲು ಹೆಚ್ಚುಕಡಿಮೆ ಒಂದೂವರೆ ಮಿಲಿಸೆಕೆಂಡ್ ಬೇಕು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕಿವಿಗೆ ಅಷ್ಟು ಸಾಕು, ಮೊದಲು ಬಂದ ಸದ್ದಿನ ದಿಕ್ಕನ್ನೇ ಅದು ನಂಬಿಬಿಡುತ್ತದೆ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಗಾಟಿಂಗೆನ್‌ನಲ್ಲಿ ಇದನ್ನು ಕುರಿತೇ ಸಂಶೋಧನ ಪ್ರಬಂಧ ಬರೆದ. ಇಂದಿಗೂ ಅದನ್ನು ಹಾಸ್ ಪರಿಣಾಮ ಎಂದೇ ಕರೆಯುತ್ತಾರೆ. ನಡುವೆ ನಿಂತಿದ್ದ ನಾಯಕನ ದನಿ ಒಂದು ಸೀಟು ಜರುಗಿದ್ದಕ್ಕೇ ಬಲದ ಸ್ಪೀಕರಿಗೆ ಹೋಗಿ ಅಂಟಿಕೊಳ್ಳುತ್ತದೆ. ನಾಯಕ ಪರದೆಯ ಮಧ್ಯೆ, ಅವನ ಮಾತು ಕಿಟಕಿಯ ಪರದೆಯ ಪಕ್ಕ. ಬ್ಯಾಲೆನ್ಸ್ ತಿರುಗಿಸಿ ನಿಮ್ಮ ಸೀಟಿಗೆ ಸರಿಮಾಡಿಕೊಂಡಿರಾದರೆ ಸೋಫಾದ ಇನ್ನೊಂದು ತುದಿಯಲ್ಲಿರುವವರಿಗೆ ಇನ್ನಷ್ಟು ಕೆಟ್ಟಿತು.

ಈಗ ನಮ್ಮ ಮನೆಗಳ ಹಾಲನ್ನು ನೋಡಿ. ನಟ್ಟನಡುವಿನ ಸೀಟು ರಿಮೋಟ್ ಹಿಡಿದವರದು, ಅದರಲ್ಲಿ ಚರ್ಚೆಯಿಲ್ಲ. ಅಜ್ಜಿ ಗೋಡೆಗೆ ಒರಗಿ ದಿವಾನದ ಮೇಲೆ. ಹುಡುಗರು ನೆಲದ ಮೇಲೆ, ಟಿ.ವಿ.ಗೆ ತೀರಾ ಹತ್ತಿರ. ಒಲೆಯ ಮೇಲೆ ಹಾಲಿಟ್ಟವರು ಊಟದ ಟೇಬಲ್ಲಿನ ಕುರ್ಚಿಯನ್ನು ಅಡುಗೆಮನೆ ಬಾಗಿಲ ಬಳಿ ಎಳೆದುಕೊಂಡು, ಒಂದು ಕಣ್ಣು ಅಲ್ಲಿ ಒಂದು ಕಣ್ಣು ಇಲ್ಲಿ. ಸ್ಟೀರಿಯೊದ ಚಮತ್ಕಾರ ಸಿಗುವುದು ರಿಮೋಟಿನವರಿಗೆ ಮಾತ್ರ. ಹೋಂ ಥಿಯೇಟರ್ ಆರಿಸಿ ತಂದವರೂ ಸಾಮಾನ್ಯವಾಗಿ ಅವರೇ ಆದ್ದರಿಂದ ‘ಎರಡೇ ಸಾಕು, ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ನೋಡಿ’ ಎಂಬ ತೀರ್ಪೂ ಆ ಒಂದೇ ಸೀಟಿನಿಂದ ಹೊರಬೀಳುತ್ತದೆ. ದಿವಾನದ ಕಡೆಯಿಂದ ‘ಅವನು ಏನಂದ?’ ಎಂಬ ಪ್ರಶ್ನೆ ಬಂದರೆ ಅಜ್ಜಿಗೆ ಕಿವಿ ಮಂದ ಎಂದು ಸುಮ್ಮನಾಗುತ್ತಾರೆ. ವಯಸ್ಸಾದಂತೆ ಎತ್ತರದ ಸ್ಥಾಯಿಯ ಸದ್ದುಗಳು ಮಸುಕಾಗುವುದು ನಿಜ. ಅಂಥ ಕಿವಿಗೆ ಮಾತು ಒಂದೇ ದಿಕ್ಕಿನಿಂದ ನೇರವಾಗಿ ಬಂದರೆ ಹಿಡಿಯುವುದು ಸುಲಭ ಎನ್ನುವುದೂ ಅಷ್ಟೇ ನಿಜ.

ನಡುವೆ ಕೂತವರಿಗೂ ಒಂದು ಸಣ್ಣ ನಷ್ಟವಿದೆ. ಎರಡೂ ಸ್ಪೀಕರಿನ ಸದ್ದು ಎರಡೂ ಕಿವಿಗೆ ಬೀಳುತ್ತದಷ್ಟೆ. ಎಡಗಿವಿಗೆ ಎಡದ್ದು ಮೊದಲು ಮುಟ್ಟಿ, ಬಲದ್ದು ತಲೆಯನ್ನು ಸುತ್ತಿ ಬರಲು ಮಿಲಿಸೆಕೆಂಡಿನ ಕಾಲು ಭಾಗದಷ್ಟು ತಡವಾಗುತ್ತದೆ. ಆ ತಡದಿಂದ 2 ಕಿಲೊಹರ್ಟ್ಸ್ ಆಸುಪಾಸಿನಲ್ಲಿ ಒಂದು ಇನ್ನೊಂದನ್ನು ಅಷ್ಟಿಷ್ಟು ಅಳಿಸುತ್ತದೆ. ಅಕ್ಷರ ಅಕ್ಷರಗಳ ಭೇದವನ್ನು ಕಿವಿ ಹೆಕ್ಕುವುದು ಬಹುಮಟ್ಟಿಗೆ 1ರಿಂದ 4 ಕಿಲೊಹರ್ಟ್ಸ್ ನಡುವೆಯೇ. ಹಲ್ಲಿಯೋ ಹಳ್ಳಿಯೋ ಎಂಬುದು ತೀರ್ಮಾನವಾಗುವುದೂ ಅಲ್ಲಿಯೇ. ಗೋಡೆಗಳಿಗೆ ಬಡಿದು ಬರುವ ಸದ್ದು ಈ ತಗ್ಗನ್ನು ಸಾಕಷ್ಟು ತುಂಬಿಕೊಡುವುದರಿಂದ ಹಲ್ಲಿ ಹಳ್ಳಿಯಾಗುವಷ್ಟು ಕೆಡುವುದಿಲ್ಲ ಅನ್ನಿ. ಆದರೂ ಒಂದೇ ಸ್ಪೀಕರಿನಿಂದ ಬಂದ ಮಾತಿನ ಗಟ್ಟಿತನ ಎರಡರಿಂದ ಹುಟ್ಟಿದ ಭ್ರಮೆಗೆ ಬರುವುದಿಲ್ಲ.

ನಡುವಿನ ಸ್ಪೀಕರನ್ನು ಹೋಂ ಥಿಯೇಟರ್ ಕಂಪನಿಗಳು ಮಾಲು ಮಾರಲು ಹುಟ್ಟುಹಾಕಿದವು ಎಂದು ಹೇಳುವವರಿದ್ದಾರೆ. ಇತಿಹಾಸ ತಿರುಗಾಮುರುಗಾ ಇದೆ. 1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಯುತ್ತಿದ್ದ ಆರ್ಕೆಸ್ಟ್ರಾವನ್ನು ಟೆಲಿಫೋನ್ ತಂತಿಗಳ ಮೂಲಕ ವಾಷಿಂಗ್ಟನ್ನಿನ ಕಾನ್ಸ್ಟಿಟ್ಯೂಷನ್ ಹಾಲಿಗೆ ಕಳಿಸಿ ಕೇಳಿಸಿದರು. ಆರ್ಕೆಸ್ಟ್ರಾದ ಮುಖ್ಯಸ್ಥ ಲಿಯೊಪಾಲ್ಡ್ ಸ್ಟಕೋವ್ಸ್ಕಿ ಅಂದು ಫಿಲಡೆಲ್ಫಿಯಾದಲ್ಲಿ ಇರಲಿಲ್ಲ. ವಾಷಿಂಗ್ಟನ್ನಿನಲ್ಲಿ ಕೂತು ಶಬ್ದದ ಏರಿಳಿತದ ಗುಂಡಿಗಳನ್ನು ತಿರುಗಿಸುತ್ತಿದ್ದ. ಆ ಪ್ರಯೋಗದಲ್ಲಿ ಇದ್ದದ್ದು ಮೂರು ಮೈಕು, ಮೂರು ಲೈನು, ಮೂರು ಸ್ಪೀಕರು. ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ಅವನ ಸಂಗಡಿಗರು ಎರಡೇ ಸ್ಪೀಕರಿನಲ್ಲಿಯೂ ಮಾಡಿ ನೋಡಿದ್ದರು. ವೇದಿಕೆಯ ಬೇರೆ ಬೇರೆ ಕಡೆ ನಿಂತು ಮಾತಾಡಿದವರ ದನಿ ಎಲ್ಲಿಂದ ಬರುತ್ತಿದೆ ಎಂದು ಇನ್ನೊಂದು ಕಡೆ ಕೂತ ಕೇಳುಗರಿಂದ ಗುರುತು ಮಾಡಿಸಿದ್ದರು. ದೊಡ್ಡ ಸಭಾಂಗಣದಲ್ಲಿ ಎಲ್ಲರೂ ನಡುವೆ ಕೂರಲಾರರು, ಆದ್ದರಿಂದ ಮೂರು ಬೇಕು ಎಂಬುದು ಅವರು ತಲುಪಿದ ನಿಲುವು.

ಸರಿಸುಮಾರು ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಇ.ಎಂ.ಐ. ಸಂಸ್ಥೆಯ ಅಲನ್ ಬ್ಲುಮ್ಲೈನ್ ಎರಡು ವಾಹಿನಿಗಳ ಹಾದಿ ಹಿಡಿದಿದ್ದ. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದಾಗ ನಟ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ಅವನ ದನಿ ಇದ್ದಲ್ಲಿಯೇ ಇದ್ದದ್ದು ಕಂಡು ತಲೆ ಕೆಡಿಸಿಕೊಂಡನಂತೆ, ಅಲ್ಲಿಂದ ಸ್ಟೀರಿಯೊ ಹುಟ್ಟಿತಂತೆ ಎಂದು ಕಥೆ. 1931ರ ಡಿಸೆಂಬರ್ 14ರಂದು ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯಂತೂ ಕಥೆಯಲ್ಲ. ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ವಾಹಿನಿಗಳನ್ನು ಕೊರೆಯುವ ಉಪಾಯವೂ ಅದರಲ್ಲಿತ್ತು. ಮುಂದೆ 1958ರ ಹೊತ್ತಿಗೆ ಸ್ಟೀರಿಯೊ ಎಲ್.ಪಿ. ತಟ್ಟೆಗಳು ಅಂಗಡಿಗೆ ಬಂದದ್ದು ಇದೇ ತತ್ತ್ವದ ಮೇಲೆ. ಗೀರಿಗೆ ಇರುವುದು ಎರಡೇ ಗೋಡೆ, ಹಾಗಾಗಿ ಮನೆಗೆ ಬಂದದ್ದು ಎರಡೇ ಸ್ಪೀಕರ್. ಸ್ವಾರಸ್ಯವೆಂದರೆ ಆ ದಿನಗಳ ಆರ್.ಸಿ.ಎ. ಮತ್ತು ಮರ್ಕ್ಯುರಿ ಕಂಪನಿಗಳ ಹೆಸರಾಂತ ಸ್ಟೀರಿಯೊ ಮುದ್ರಣಗಳಲ್ಲಿ ಅನೇಕವು ಮೂರು ಟ್ರ್ಯಾಕಿನ ಟೇಪಿನ ಮೇಲೆ ಆದವು. ತಟ್ಟೆಗೆ ಇಳಿಸುವಾಗ ಮೂರನ್ನು ಎರಡಕ್ಕೆ ಮಡಚಬೇಕಾಯಿತು. ಅಮೆರಿಕದ ಪಾಲ್ ಕ್ಲಿಪ್ಶ್ ಇದನ್ನು ಒಪ್ಪದೆ, ಎರಡರ ಮಧ್ಯೆ ಇಡಲಿಕ್ಕೆಂದೇ 1957ರಲ್ಲಿ ಒಂದು ಚಿಕ್ಕ ಸ್ಪೀಕರ್ ಮಾಡಿ ಅದಕ್ಕೆ ‘ಹೆರೆಸಿ’ (ಧರ್ಮದ್ರೋಹ) ಎಂದು ಹೆಸರಿಟ್ಟ. ಹೆಚ್ಚಿನವರು ಅವನ ಮಾತು ಕೇಳಲಿಲ್ಲ. ಎರಡು ಸ್ಪೀಕರಿನ ಅಭ್ಯಾಸ ಮನೆಗಳಲ್ಲಿ ಬೇರೂರಿತು, ಎರಡೇ ಸಹಜ ಎಂಬ ನಂಬಿಕೆಯೂ ಅದರ ಜೊತೆಗೆ ಬೆಳೆಯಿತು.

ಸಿನಿಮಾ ಮಂದಿರಗಳು ಮಾತ್ರ ನಡುವನ್ನು ಎಂದೂ ಬಿಟ್ಟುಕೊಡಲಿಲ್ಲ. ಹಳೆಯ ಮೋನೊ ಕಾಲದ ಥಿಯೇಟರಿನಲ್ಲಿ ಇದ್ದದ್ದೇ ನಡುವಿನ ಸ್ಪೀಕರ್ ಒಂದೇ. ಥಿಯೇಟರಿನ ಪರದೆಯ ಹತ್ತಿರ ಹೋಗಿ ನೋಡಿದ್ದರೆ ಬಿಳಿ ಬಟ್ಟೆಯ ತುಂಬ ಸೂಜಿಯಿಂದ ಚುಚ್ಚಿದಂಥ ತೂತುಗಳು ಕಂಡಿರುತ್ತವೆ. ಹಿಂದಿರುವ ಸ್ಪೀಕರಿನ ಸದ್ದು ಹೊರಬರುವುದು ಆ ತೂತುಗಳಿಂದ. ನಾಯಕಿಯ ಮಾತು ಅವಳ ತುಟಿಯ ಹತ್ತಿರವೇ ಕೇಳಿಸುವುದು ಅದಕ್ಕಾಗಿ. 1940ರಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ ಬಂದಾಗ ಪರದೆಯ ಹಿಂದೆ ಎಡ, ನಡು, ಬಲ ಮೂರೂ ಇದ್ದವು. 1953ರಲ್ಲಿ ಸಿನಿಮಾಸ್ಕೋಪಿನ ಮೊದಲ ಚಿತ್ರ ‘ದಿ ರೋಬ್’ನಲ್ಲಿ ಮುಂದೆ ಮೂರು, ಸುತ್ತಮುತ್ತಲಿನ ಸದ್ದಿಗೆ ಒಂದು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ, 1975ರ ‘ಶೋಲೆ’ಯ 70 ಎಂ.ಎಂ. ಪ್ರತಿಗಳಲ್ಲಿದ್ದದ್ದು ಆರು ಟ್ರ್ಯಾಕಿನ ಸ್ಟೀರಿಯೊಫೋನಿಕ್ ಶಬ್ದ. 70 ಎಂ.ಎಂ.ನ ಆ ಮೂಲ ಏರ್ಪಾಟಿನಲ್ಲಿ ಪರದೆಯ ಹಿಂದೆಯೇ ಐದು ಸ್ಪೀಕರ್ ಸಾಲುಗಳಿರುತ್ತಿದ್ದವು.

ಸಿನಿಮಾಸ್ಕೋಪಿನ ಮೊದಲ ದಿನಗಳಲ್ಲಿ ನಟ ಹೋದ ಕಡೆಗೆಲ್ಲ ಮಾತನ್ನೂ ಜರುಗಿಸುವ ಹುಮ್ಮಸ್ಸು ಇತ್ತು. ಶಾಟ್ ಬದಲಾದೊಡನೆ ದನಿ ಎಡದಿಂದ ಬಲಕ್ಕೆ ನೆಗೆಯುವುದು ನೋಡುವವರಿಗೆ ಕಿರಿಕಿರಿಯಾಯಿತು, ಹಾಗೆ ಮಿಕ್ಸ್ ಮಾಡುವುದಕ್ಕೆ ಖರ್ಚೂ ಹೆಚ್ಚು. ಕ್ರಮೇಣ ಮಾತಿಗೆ ನಡುವೆ, ಸಂಗೀತ ಮತ್ತು ಉಳಿದ ಸದ್ದುಗಳಿಗೆ ಎಡಬಲ ಎಂಬ ಪದ್ಧತಿ ನೆಲೆಗೊಂಡಿತು. ಇವತ್ತು ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿ ಎಂದು ಐದೈದು ಭಾಷೆಗಳಲ್ಲಿ ತೆರೆಗೆ ಬರುವ ಚಿತ್ರಗಳಿಗೆ ಇದು ಅನುಕೂಲವೂ ಹೌದು. ಸಂಗೀತ ಮತ್ತು ಎಫೆಕ್ಟ್ ಹಾಗೇ ಇರುತ್ತವೆ, ಮಾತಿನ ಭಾಗ ಮಾತ್ರ ಬದಲಾಗುತ್ತದೆ. ಡಾಲ್ಬಿಯವರು ಮನೆಗೆಂದು 1982ರಲ್ಲಿ ತಂದ ಸರೌಂಡ್ ವ್ಯವಸ್ಥೆಯಲ್ಲಿ ನಡುವಿನ ವಾಹಿನಿ ಇರಲಿಲ್ಲ. 1987ರ ಪ್ರೊಲಾಜಿಕ್‌ನಲ್ಲಿ ಅದು ಬಂತು, ಡಿವಿಡಿಯ 5.1ರಲ್ಲಿ ಖಾಯಂ ಆಯಿತು. ಹೀಗೆ ಥಿಯೇಟರಿನಲ್ಲಿ ಐದು ದಶಕದಿಂದ ಇದ್ದದ್ದು ಮನೆಗೆ ತಡವಾಗಿ ಬಂತು.

5.1ರಲ್ಲಿ ಮಿಕ್ಸ್ ಆದ ಚಿತ್ರದಲ್ಲಿ ಮಾತಿನ ಬಹುಪಾಲು ಕೂತಿರುವುದು ಒಂದೇ ವಾಹಿನಿಯಲ್ಲಿ. ರಿಪೇರಿಯವರ ಹತ್ತಿರ ಬರುವ ಒಂದು ದೂರು ಇದರಿಂದಲೇ ಹುಟ್ಟಿದ್ದು. ‘ಹಾಡು ಬರುತ್ತೆ, ಫೈಟಿಂಗ್ ಬರುತ್ತೆ, ಮಾತೇ ಬರಲ್ಲ ಸಾರ್.’ ಸೆಟ್ಟು ಕೆಟ್ಟಿರುವುದಿಲ್ಲ. ಮನೆಯಲ್ಲಿ ನಡುವಿನ ಸ್ಪೀಕರ್ ಇಲ್ಲ, ಅದು ಇಲ್ಲ ಎಂದು ರಿಸೀವರಿಗೆ ಯಾರೂ ಹೇಳಿಲ್ಲ. ಅದು ಪಾಪ, ಎಲ್ಲ ಸಂಭಾಷಣೆಯನ್ನೂ ವೈರೇ ಇಲ್ಲದ ಖಾಲಿ ಟರ್ಮಿನಲ್ಲಿಗೆ ನಿಷ್ಠೆಯಿಂದ ಕಳಿಸುತ್ತಿರುತ್ತದೆ. ಮೆನುವಿನಲ್ಲಿ ಸ್ಪೀಕರ್ ಸೆಟಪ್ಪಿಗೆ ಹೋಗಿ ಸೆಂಟರ್ ಎದುರು ‘ನೋ’ ಅಥವಾ ‘ನನ್’ ಎಂದು ಕೊಟ್ಟರೆ ಸಾಕು, ನಡುವಿನ ಸದ್ದನ್ನು 3 ಡೆಸಿಬಲ್ ಇಳಿಸಿ ಎಡಬಲ ಎರಡಕ್ಕೂ ಹಂಚುತ್ತದೆ. ಏನೂ ಕಳೆದುಹೋಗುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ದೂರೂ ಇದೆ. ಹೊಸ 5.1 ಸೆಟ್ಟಿನಲ್ಲಿ ‘ಬಂಗಾರದ ಮನುಷ್ಯ’ ಹಾಕಿದರೆ ನಡುವಿನ ಪೆಟ್ಟಿಗೆಯೊಂದೇ ಮಾತಾಡುತ್ತದೆ, ಹಾಡುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಉಳಿದವು ಮೌನವ್ರತ ಹಿಡಿಯುತ್ತವೆ. ಅದೂ ದೋಷವಲ್ಲ. 1972ರ ಆ ಚಿತ್ರ ಮೋನೊ. ಎಡದಲ್ಲಿ ಇರುವುದೇ ಬಲದಲ್ಲೂ ಇದೆ. ಎರಡರಲ್ಲೂ ಸಮನಾಗಿ ಇರುವುದೆಲ್ಲ ನಡುವಿನದು ಎಂದು ಪ್ರೊಲಾಜಿಕ್ ಬಗೆಯ ಡಿಕೋಡರ್ ತೀರ್ಮಾನಿಸಿ ಪೂರ್ತಿ ಅಲ್ಲಿಗೇ ತಳ್ಳುತ್ತದೆ. ರಾಜ್‌ಕುಮಾರ್ ದನಿ ದೊಡ್ಡ ಸ್ಪೀಕರ್‌ಗಳಲ್ಲಿಯೇ ಬೇಕೆಂದರೆ ರಿಮೋಟಿನಲ್ಲಿ ಸ್ಟೀರಿಯೊ ಗುಂಡಿ ಒತ್ತಿದರಾಯಿತು. ಮೋನೊ ಚಿತ್ರ ಮೋನೊ ಥಿಯೇಟರಿನಲ್ಲಿ ಹೇಗೆ ಕೇಳಿಸಿತ್ತೋ ಹಾಗೆ ಒಂದೇ ಸ್ಪೀಕರಿನಲ್ಲಿ ಕೇಳುವುದರಲ್ಲೂ ಒಂದು ಸೊಗಸಿದೆ ಎನ್ನುವವನು ನಾನು, ಒತ್ತಾಯವಿಲ್ಲ.

ಇಷ್ಟು ಹೇಳಿದ ಮೇಲೆ ನಡುವಿನ ಸ್ಪೀಕರಿನ ವಿರುದ್ಧವೂ ಒಂದು ಮಾತು ಆಡಲೇಬೇಕು. ಅಂಗಡಿಯಲ್ಲಿ ಸಿಗುವ ಸೆಂಟರ್‌ಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು: ನಡುವೆ ಒಂದು ಟ್ವೀಟರ್, ಅದರ ಎಡಬಲಕ್ಕೆ ಎರಡು ವೂಫರ್. ಟಿ.ವಿ. ಕೆಳಗೆ ಕೂರಬೇಕು ಎಂಬ ಒಂದೇ ಕಾರಣಕ್ಕೆ ಅಡ್ಡ ಮಲಗಿಸಿದ ವಿನ್ಯಾಸ ಇದು. ಎದುರಿಗೆ ಕೂತರೆ ಚೆನ್ನಾಗಿಯೇ ಇರುತ್ತದೆ. ಬದಿಗೆ ಕೂತರೆ ಎರಡು ವೂಫರ್‌ಗಳು ಕೇಳುಗನಿಂದ ಒಂದೇ ದೂರದಲ್ಲಿರುವುದಿಲ್ಲ. ಅವುಗಳ ನಡುವೆ 30 ಸೆಂಟಿಮೀಟರ್ ಇದ್ದು ನೀವು 30 ಡಿಗ್ರಿ ಪಕ್ಕಕ್ಕೆ ಕೂತಿದ್ದರೆ ದೂರದ ವ್ಯತ್ಯಾಸ 15 ಸೆಂಟಿಮೀಟರ್. 1,100 ಹರ್ಟ್ಸ್ ಸುತ್ತಮುತ್ತ ಒಂದರ ಅಲೆ ಇನ್ನೊಂದರದನ್ನು ತಿಂದುಹಾಕುತ್ತದೆ. ಅದು ಮನುಷ್ಯರ ಮಾತಿನ ನಟ್ಟನಡುವಿನ ಪ್ರದೇಶ. ಬದಿಗೆ ಕೂತವರಿಗಾಗಿ ತಂದ ಸ್ಪೀಕರ್ ಬದಿಗೆ ಕೂತವರಿಗೇ ಕೈಕೊಟ್ಟ ಹಾಗಾಯಿತು! ಇದಕ್ಕೆ ಪರಿಹಾರ ಇಲ್ಲದಿಲ್ಲ. ವೂಫರ್‌ಗಳ ಮಧ್ಯೆ ಟ್ವೀಟರನ್ನೂ ಅದರ ಕೆಳಗೆ ಒಂದು ಚಿಕ್ಕ ಮಿಡ್‌ರೇಂಜನ್ನೂ ಒಂದರ ಮೇಲೊಂದು ಕೂರಿಸಿದ ಮಾದರಿಗಳಿವೆ, ಬೆಲೆ ಹೆಚ್ಚು. ಅಗ್ಗದ ದಾರಿಯೆಂದರೆ ಎಡಬಲಕ್ಕೆ ಇಟ್ಟಂಥದೇ ಮೂರನೆಯ ಬುಕ್‌ಶೆಲ್ಫ್ ಸ್ಪೀಕರನ್ನು ನಡುವೆ ನೆಟ್ಟಗೆ ನಿಲ್ಲಿಸುವುದು. ಟಿ.ವಿ. ಗೋಡೆಯಲ್ಲಿ ತುಸು ಎತ್ತರದಲ್ಲಿದ್ದರೆ ಅಷ್ಟು ಜಾಗ ಹೊರಡುತ್ತದೆ. ಒಂದೇ ಕಂಪನಿಯ ಒಂದೇ ಸಾಲಿನದಾದರೆ ದನಿಯ ಬಣ್ಣವೂ ಮೂರರಲ್ಲಿ ಒಂದೇ ಆಗಿರುತ್ತದೆ. ಇಲ್ಲದಿದ್ದರೆ ಎಡದಿಂದ ಬಲಕ್ಕೆ ಓಡುವ ಜೀಪು ನಡುವೆ ಬಂದಾಗ ಎಂಜಿನ್ ಬದಲಾಯಿಸಿಕೊಂಡಂತೆ ಕೇಳಿಸುತ್ತದೆ.

ಇಡುವ ಜಾಗದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಕೆಡುವುದು ಹೆಚ್ಚಾಗಿ ಅಲ್ಲಿ. ಬಡಗಿ ಮಾಡಿಕೊಟ್ಟ ಟಿ.ವಿ. ಯೂನಿಟ್ಟಿನ ಕೆಳಗಿನ ಖಾನೆಯಲ್ಲಿ ಸ್ಪೀಕರನ್ನು ಗೋಡೆಯವರೆಗೆ ತಳ್ಳಿ, ಅದರ ಮುಂದೆ ಸೆಟ್‌ಟಾಪ್ ಬಾಕ್ಸ್, ಮೇಲೊಂದು ಬೊಂಬೆ, ಪಕ್ಕದಲ್ಲಿ ಮದುವೆ ಫೋಟೊ ಇಟ್ಟ ಮನೆಗಳು ಬೇಕಾದಷ್ಟಿವೆ. ಒಳಗಿನಿಂದ ಮಾತಾಡಿದರೆ ಮಾತು ಡಬ್ಬಿಯೊಳಗಿನದಾಗದೆ ಇನ್ನೇನಾದೀತು? ಸ್ಪೀಕರಿನ ಮುಖ ಖಾನೆಯ ಅಂಚಿಗೆ, ಸಾಧ್ಯವಾದರೆ ಒಂದು ಬೆರಳು ಹೊರಗೆ ಬರಲಿ. ಕೆಳಗಿದ್ದರೆ ಮುಂಭಾಗಕ್ಕೆ ಒಂದು ರಬ್ಬರ್ ತುಂಡು ಕೊಟ್ಟು ಮುಖವನ್ನು ಕೂತವರ ಕಿವಿಯ ಕಡೆ ಎತ್ತಿ. ಮಾತು ಸಣ್ಣದೆನಿಸಿದರೆ ಇಡೀ ವಾಲ್ಯೂಮ್ ಏರಿಸುವ ಬದಲು ಸೆಂಟರಿನ ಮಟ್ಟವನ್ನಷ್ಟೇ ಎರಡು ಮೂರು ಡೆಸಿಬಲ್ ಏರಿಸಿ. ಸಂಭಾಷಣೆಗೆ ಏರಿಸು, ಫೈಟಿಗೆ ಇಳಿಸು ಎಂಬ ರಿಮೋಟ್ ಕಸರತ್ತು ಅರ್ಧ ಕಡಿಮೆಯಾಗುತ್ತದೆ. ಎರಡೇ ಸ್ಪೀಕರ್ ಇರುವ ಮನೆಯಲ್ಲಿ ಮಾತೂ ಸಂಗೀತವೂ ಬೆರೆತೇ ಬರುವುದರಿಂದ ಈ ಸವಲತ್ತು ಸುಲಭವಾಗಿ ಸಿಗುವುದಿಲ್ಲ. ಒಬ್ಬರೇ ನೋಡುವವರಿಗೂ ಸೆಂಟರ್ ಬೇಕೆನಿಸಬಹುದಾದ ಕಾರಣ ಇದೊಂದೇ ಎಂದು ನನ್ನ ಎಣಿಕೆ.

ಎಷ್ಟೋ ಸಲ ತಪ್ಪು ಸ್ಪೀಕರಿನದೂ ಅಲ್ಲ, ಕೋಣೆಯದು. ವಿಟ್ರಿಫೈಡ್ ಟೈಲ್ಸ್ ನೆಲ, ಬೋಳು ಗೋಡೆ, ಒಂದು ಕಡೆ ಪೂರ್ತಿ ಗಾಜು. ಈಗಿನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಚಪ್ಪಾಳೆ ತಟ್ಟಿ ನೋಡಿ, ಆ ಸದ್ದು ಗೋಡೆಯಿಂದ ಗೋಡೆಗೆ ಬಡಿದಾಡುವುದು ಕೇಳಿಸುತ್ತದೆ. ಮಾತಿನ ಪ್ರತಿ ಅಕ್ಷರಕ್ಕೂ ಅದೇ ಗತಿ. ಟಿ.ವಿ.ಗೂ ಸೋಫಾಕ್ಕೂ ನಡುವೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಬಿಟ್ಟರೆ ಕಾಣುವ ಸುಧಾರಣೆಯನ್ನು ಎಷ್ಟು ದುಬಾರಿ ಸ್ಪೀಕರೂ ಕೊಡಲಾರದು. ಸೌಂಡ್ ಬಾರ್ ಕೊಳ್ಳುವವರು ಡಬ್ಬಿಯ ಮೇಲಿನ ಮೊದಲ ಅಂಕಿ ನೋಡಲಿ. 2.1 ಎಂದರೆ ನಡುವಿನ ವಾಹಿನಿ ಇಲ್ಲ, 3.1 ಎಂದರೆ ಇದೆ. ಮೂರು ನಾಲ್ಕು ಅಡಿ ಉದ್ದದ ಬಾರಿನಲ್ಲಿ ಎಡಬಲಗಳ ನಡುವೆ ಅಂತರವೇ ಕಡಿಮೆ, ಆದ್ದರಿಂದ ದಿಕ್ಕು ತಪ್ಪುವ ಭಯ ಅಷ್ಟಿಲ್ಲ. ಆದರೂ ಮಾತಿಗೆ ಪ್ರತ್ಯೇಕ ವಾಹಿನಿ ಇದ್ದರೆ ಅದನ್ನು ಬೇಕಾದಷ್ಟು ಏರಿಸಿಕೊಳ್ಳಬಹುದು.

ದುಡ್ಡು ಇಷ್ಟೇ ಎಂದಾದರೆ ನಾನು ಕೈಬಿಡುವುದು ಹಿಂದಿನ ಎರಡನ್ನು. ಹೆಲಿಕಾಪ್ಟರ್ ತಲೆಯ ಹಿಂದಿನಿಂದ ಹಾದುಹೋಗುವ ದೃಶ್ಯ ಚಿತ್ರಕ್ಕೊಂದೋ ಎರಡೋ. ಮಾತು ಎರಡೂವರೆ ಗಂಟೆಯೂ ಇರುತ್ತದೆ. ಅಗ್ಗದ ಐದು ಸ್ಪೀಕರಿಗಿಂತ ಮುಂದೆ ನಿಲ್ಲುವ ಮೂರು ಒಳ್ಳೆಯವು ಮೇಲು. ಹೆಚ್ಚಾಗಿ ಸಂಗೀತ ಕೇಳುವವರು, ಸಿನಿಮಾ ಅಪರೂಪಕ್ಕೊಮ್ಮೆ ಒಬ್ಬರೇ ನೋಡುವವರು, ಅಥವಾ ಸೆಂಟರಿಗೆ ಮುಚ್ಚಿದ ಖಾನೆ ಬಿಟ್ಟು ಬೇರೆ ಜಾಗವೇ ಇಲ್ಲದವರು ಅಷ್ಟೂ ಹಣವನ್ನು ಎಡಬಲಕ್ಕೆ ಸುರಿಯಲಿ, ಮೆನುವಿನಲ್ಲಿ ಸೆಂಟರ್ ಇಲ್ಲವೆಂದು ಹೇಳಿ ನೆಮ್ಮದಿಯಾಗಿರಲಿ.

ಅಂಗಡಿಯ ಡೆಮೊ ಕೋಣೆಯಲ್ಲಿ ನಿಮ್ಮನ್ನು ನಡುವಿನ ಕುರ್ಚಿಯಲ್ಲಿಯೇ ಕೂರಿಸುತ್ತಾರೆ, ಸ್ಫೋಟದ ದೃಶ್ಯವನ್ನೇ ಹಾಕುತ್ತಾರೆ. ಉಪಚಾರಕ್ಕೆ ಥ್ಯಾಂಕ್ಸ್ ಹೇಳಿ ತುದಿಯ ಕುರ್ಚಿಗೆ ಹೋಗಿ. ನಾಲ್ಕು ಜನ ಒಟ್ಟಿಗೆ ಮಾತಾಡುವ, ಹಿಂದೆ ಮಳೆಯೋ ಸಂತೆಯೋ ಇರುವ ಒಂದು ದೃಶ್ಯವನ್ನು ನೀವೇ ಪೆನ್‌ಡ್ರೈವಿನಲ್ಲಿ 5.1 ಶಬ್ದದೊಂದಿಗೇ ಒಯ್ದು ಹಾಕಿಸಿ. ಒಮ್ಮೆ ಸೆಂಟರ್ ಇಟ್ಟು, ಒಮ್ಮೆ ಮೆನುವಿನಲ್ಲಿ ತೆಗೆಸಿ ಕೇಳಿ. ಮನೆಯಲ್ಲಿ ದಿವಾನದ ಮೇಲೆ ಕೂರುವವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರೆ ಇನ್ನೂ ಒಳ್ಳೆಯದು.